ಮೂಲದ ಬಾಯಾರು

ಮಯೂರಿಬಾಯಿಯವರು ಕೂತದ್ದನ್ನು ಕಂಡವರು ನಮ್ಮ ರೋಣದಲ್ಲಿ ವಿರಳ. ಚಹಾ ಕುಡಿಯುವುದು ನಿಂತು, ರೊಟ್ಟಿ ತಿನ್ನುವುದು ಬಾಗಿಲ ಚೌಕಟ್ಟಿಗೆ ಭುಜ ಆನಿಸಿ, ನರಗುಂದದಲ್ಲಿರುವ ತಾಯಿಯೊಡನೆ ಫೋನಿನಲ್ಲಿ ಜಗಳವಾಡುವುದು ಮಾಳಿಗೆಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತ. ಯಾರಾದರೂ ಕುರ್ಚಿ ಸರಿಸಿ ಕೊಟ್ಟರೆ ಅದರ ಬೆನ್ನನ್ನು ಎರಡೂ ಕೈಯಿಂದ ಹಿಡಿದು, ಬಿಟ್ಟರೆ ಓಡಿಹೋಗುವ ಕರುವೇನೋ ಎಂಬಂತೆ, ಅದರ ಹಿಂದೆಯೇ ನಿಂತುಬಿಡುವರು. ನಡಿಗೆಯಂತೂ ಹೇಳತೀರದು: ಹಿಮ್ಮಡ ನೆಲಕ್ಕೆ ಊರುವುದರೊಳಗೆ ಮುಂದಿನ ಹೆಜ್ಜೆ ಎದ್ದಿರುತ್ತಿತ್ತು. ಬಸ್ಸು ತಪ್ಪಿಸಿಕೊಂಡವರು ಹಾಗೆ ನಡೆಯುವುದುಂಟು. ಬಸ್ಸು ಬರುವುದಕ್ಕೆ ಬಹಳ ಮೊದಲೇ ಬಂದವರು ಹಾಗೆ ನಡೆಯುವುದನ್ನು ಇವರೊಬ್ಬರಲ್ಲೇ ಕಂಡದ್ದು.

ಮೈಮೇಲೆ ನೂಲಿನ ಸೀರೆ, ಸೀರೆಯ ಮೇಲೊಂದು ಗಂಡಸರ ಕರಿಯ ಕೋಟು. ಅದು ಅವರ ತಂದೆ ಜಯತೀರ್ಥ ಮಾಸ್ತರರದು. ನರಗುಂದದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಆ ಮಾಸ್ತರರು ತೀರಿಹೋದ ಮೇಲೆ ಮಗಳು ಆ ಕೋಟನ್ನು ಗೂಟಕ್ಕೆ ತೂಗುಬಿಡಲೂ ಇಲ್ಲ, ಯಾರಿಗೂ ದಾನ ಕೊಡಲೂ ಇಲ್ಲ. ತೋಳು ಮಡಚಿ ತಾನೇ ತೊಟ್ಟುಕೊಂಡು, ಏಪ್ರಿಲ್ ತಿಂಗಳ ಉರಿಬಿಸಿಲಲ್ಲೂ ಸ್ಕೂಟರ್ ಏರಿ ಗಜೇಂದ್ರಗಡಕ್ಕೆ ಹೋಗಿ ಬರುವರು. ಬಲಗಿಸೆಯಲ್ಲಿ ಪುಟಾಣಿ ಎನ್ನುವ ಹುರಿಗಡಲೆ, ಎಡಗಿಸೆಯಲ್ಲಿ ಟೊಪ್ಪಿಗೆಯಿಲ್ಲದ ಪೆನ್ನು. ಒಮ್ಮೊಮ್ಮೆ ಕಿಸೆ ಅದಲುಬದಲಾಗಿ ಪೆನ್ನಿನ ಮಸಿ ಹತ್ತಿ ನೀಲಿಯಾದ ಪುಟಾಣಿಯನ್ನೇ ತಿಂದು ಮುಗಿಸುವರು, ಲಕ್ಷ್ಯವೇ ಇರುತ್ತಿರಲಿಲ್ಲ.

ಪುಣೆಯ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದವರು, ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕಿನಲ್ಲಿ ಎಚ್‌ಐವಿ ಹೇಗೆ ಬಂತು, ಯಾವ ದಾರಿಯಿಂದ ಹಬ್ಬಿತು ಎಂಬುದನ್ನು ತಿಳಿಯಲು ಬಂದು ನಮ್ಮ ಮನೆಯ ಮಾಳಿಗೆಯ ಕೋಣೆ ಹಿಡಿದಿದ್ದರು. ಆ ರೋಗದ ಹೆಸರನ್ನು ನಮ್ಮ ಜನ ಬಾಯಿಬಿಟ್ಟು ಹೇಳುವುದಿಲ್ಲ. ‘ದೊಡ್ಡ ಬ್ಯಾನಿ’ ಎನ್ನುತ್ತಾರೆ, ಅದನ್ನೂ ಅತ್ತಿತ್ತ ನೋಡಿ. ಬಾಯಿಯವರು ಔಷಧ ಕೊಡುವವರಲ್ಲ. ದವಾಖಾನೆಗೆ ಬಂದವರು ಒಪ್ಪಿಕೊಟ್ಟ ರಕ್ತವನ್ನು ಪುಣೆಗೆ ಕಳಿಸಿ, ಅದರೊಳಗಿನ ವೈರಸ್ಸಿನ ವಂಶವನ್ನು ಓದುವವರು. ಹಾಗೆ ಓದೀ ಓದೀ ಅವರ ನಾಲಗೆಗೆ ಒಂದು ಚಟ ಅಂಟಿಕೊಂಡಿತ್ತು. ಯಾವ ಮಾತಿಗೂ ಅವರದು ಒಂದೇ ಸವಾಲು: "ಅದಕ್ಕೂ ಮೊದಲ?"

ಪಕ್ಕದ ಮನೆಯ ಮಾಸುಮಬಿ ಒಮ್ಮೆ ಗುರೆಳ್ಳು ಚಟ್ನಿ ತಂದುಕೊಟ್ಟಳು. ಬಾಯಿಯವರು ನಿಂತಲ್ಲಿಯೇ ಬೆರಳಿಂದ ನೆಕ್ಕಿ, ಕಣ್ಣರಳಿಸಿ, "ಭಾಳ ಚಲೋ ಅದ. ಗುರೆಳ್ಳು ಎಲ್ಲಿದು?" ಎಂದರು.

"ಗಜೇಂದ್ರಗಡ ಸಂತಿದರಿ."

"ಅದಕ್ಕೂ ಮೊದಲ?"

"ಮಾರಿದಾಕಿ ಹೊಲದ್ದಿರಬೇಕರಿ."

"ಅದಕ್ಕೂ ಮೊದಲ? ಬೀಜ ಎಲ್ಲಿಂದ ತಂದಿದ್ಲು?"

ಮಾಸುಮಬಿ ಸೆರಗು ಬಾಯಿಗೆ ಒತ್ತಿಕೊಂಡು, "ಅದಕ್ಕೂ ಮೊದಲ ಆದಮ್ ಬಾಬಾ ಇದ್ದನ್ರಿ ಬಾಯಾರ. ಅಂವನ್ನ ಕೇಳಕೊಂಡ ಬರ್ರಿ, ಚಟ್ನಿ ನಾ ಮುಚ್ಚಿಟ್ಟಿರ್ತೀನಿ" ಎಂದಳು.

ಊರು ಅವರಿಗೆ ಇಟ್ಟ ಹೆಸರಿನ ಕಥೆ ಇನ್ನೂ ಮೋಜಿನದು. ಬಸ್ ಸ್ಟ್ಯಾಂಡಿನಿಂದ ಅವರ ಸಾಮಾನು ಹೇರಿಕೊಂಡು ಬಂದ ಆಟೋದ ಇಮಾಮಸಾಬ, "ನೀವು ಯಾತರ ಡಾಕ್ಟರ್ರೀ ಬಾಯಾರ?" ಎಂದು ಕೇಳಿದನಂತೆ. ಇವರು ಸರಳವಾಗಿ, "ನಾ ಔಷಧ ಕೊಡೂಕಿ ಅಲ್ಲಪಾ, ಮೂಲ ಹುಡುಕೂಕಿ" ಎಂದರಂತೆ. ಓದಿದವರಿಗೆ ಮೂಲವೆಂದರೆ ಬೇರು, ಆದಿ, ಹುಟ್ಟು. ನಮ್ಮ ಜನಕ್ಕೆ ಮೂಲವೆಂದರೆ ಒಂದೇ; ಊರ ಗೋಡೆಗಳ ಮೇಲೆಲ್ಲ ಕೆಂಪು ಅಕ್ಷರದಲ್ಲಿ ಬರೆದಿರುವ ಮೂಲವ್ಯಾಧಿ. ಇಮಾಮಸಾಬನ ಆಟೋ ಊರೆಲ್ಲ ತಿರುಗುವಂಥದು, ಸುದ್ದಿಯೂ ತಿರುಗಿತು. ವಾರ ಕಳೆಯುವುದರೊಳಗೆ ನಮ್ಮ ಕಟ್ಟೆಯ ಮೇಲೆ ಜನ ಕೂಡಿದರು. ಕೂಡಿದರು ಎಂದೆನೇ? ಕೂಡ್ರಲಾರದೆ ನಿಂತರು.

ಎಲ್ಲರಿಗಿಂತ ಮುಂದೆ ಅಂದಾನಪ್ಪನವರು. ಹತ್ತಿ ವ್ಯಾಪಾರದ ದೊಡ್ಡ ಮನೆತನ, ಜೀವಮಾನವೆಲ್ಲ ಅಂಗಡಿಯ ಗಾದಿಯ ಮೇಲೆ ಕೂತು ಕಳೆದವರು. ಸೆಕೆಯಲ್ಲೂ ಶಾಲು ಹೊದ್ದು ಬಂದು, ಬಾಯಿಯವರ ಕಿವಿಯ ಹತ್ತಿರ ಬಾಗಿ, "ಹೇಳಾಕ ನಾಚಿಕಿ ಬರ್ತೈತ್ರಿ. ಮೂಲದ ಮಾತು" ಎಂದರು.

ಬಾಯಿಯವರು ಅಷ್ಟೇ ಮೆತ್ತಗೆ, "ನಾಚಬ್ಯಾಡ್ರಿ, ಯಾರಿಗೂ ಹೇಳೂದಿಲ್ಲ. ಯಾವಾಗಿಂದ ಅದ?"

"ಈ ಸಲದ ಹತ್ತಿ ಹಂಗಾಮಿನಿಂದರಿ."

"ಅದಕ್ಕೂ ಮೊದಲ?"

"ಮೊದಲ ನಮ್ಮಪ್ಪಗ ಇತ್ತರಿ."

"ಹೌದಾ! ಅವರಿಗೆ ಯಾರಿಂದ ಬಂತು?"

"ಯಾರಿಂದ ಏನ್ರೀ, ಗಾದಿಯಿಂದ! ಆ ಗಾದಿ ಮ್ಯಾಲ ಕುಂತಾವರಿಗೆಲ್ಲಾ ಬಂದೈತಿ. ನಮ್ಮ ಗುಮಾಸ್ತಗೂ ಬಂದೈತಿ."

ಬಾಯಿಯವರು ಕಿಸೆಯಿಂದ ಪೆನ್ನು ತೆಗೆದು ಇನ್ನೇನು ಬರೆದುಕೊಳ್ಳಬೇಕು, ಒಳಗೆ ಜೋಳ ಹಸನು ಮಾಡುತ್ತಿದ್ದ ಮಾಸುಮಬಿ ಮೊರ ಬಿಟ್ಟು ನೆಲಕ್ಕೆ ಉರುಳಿ ನಕ್ಕಳು. ಸಂಗತಿ ತಿಳಿದಾಗ ಬಾಯಿಯವರೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. ಅಂದಾನಪ್ಪನವರು ಮಾತ್ರ ನಗಲಿಲ್ಲ. ಶಾಲು ಸರಿಪಡಿಸಿಕೊಂಡು, "ನೀವೂ ಯಾವಾಗಲೂ ನಿಂತಿರ್ತೀರಿ, ಅದಕ್ಕ ನಿಮಗೂ ತ್ರಾಸ ಐತಿ, ಸ್ವಂತ ಅನುಭವದ ಡಾಕ್ಟರು ಅಂತ ತಿಳದಿದ್ನೆವಾ" ಎಂದು ಹೇಳಿ ಮೆಲ್ಲಗೆ ಮೆಟ್ಟಿಲಿಳಿದರು. ಅಂದಿನಿಂದ ಬಾಯಿಯವರು ಊರಿಗೆಲ್ಲ ಮೂಲದ ಬಾಯಾರು.

ಈ ಹೆಸರು ನರಗುಂದಕ್ಕೂ ಮುಟ್ಟಿತು. ತಾಯಿ ಇಂದಿರಾಬಾಯಿಯವರು ಒಮ್ಮೆ ಡಬ್ಬಿ ತುಂಬ ಅವಲಕ್ಕಿ ಕಟ್ಟಿಕೊಂಡು ಮಗಳನ್ನು ನೋಡಲು ಬಂದವರು, ಬಾಗಿಲಲ್ಲೇ ಸಿಡುಕಿದರು: "ಹುಟ್ಟಿನ ಮೂಲ ಕಾಡಿದ್ದು ಸಾಲಲಿಲ್ಲ ಈಕಿಗೆ, ಊರ ಮಂದಿ ಮೂಲಾನೂ ಹೊತ್ತಾಳ."

ಬಾಯಿಯವರು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಆ ನಕ್ಷತ್ರದ ಹೆಣ್ಣು ಮನೆ ಹೊಕ್ಕರೆ ಮಾವನ ಜೀವಕ್ಕೆ ಕುತ್ತು ಎಂದು ಒಂದು ಮಾತಿದೆಯಲ್ಲ, ಅದನ್ನು ಹಿಡಿದುಕೊಂಡು ಬಂದ ವರಗಳೆಲ್ಲ ಬಂದ ದಾರಿಯಿಂದಲೇ ತಿರುಗಿ ಹೋದವು. ತಾಯಿ ಅದನ್ನು ಹೇಳಿ ಕಣ್ಣೊರೆಸಿಕೊಂಡರೆ, ಮಗಳು ಪುಟಾಣಿ ಜಗಿಯುತ್ತ, "ಇನ್ನೂ ಮಾರೀನೂ ನೋಡದ ಮಾವನ್ನ ಕೊಂದ ಅಪವಾದ ನನಗ ತೊಟ್ಟಿಲದಾಗನ ಬಂತ್ರಿ. ಸಾಕ್ಷಿ ಯಾರು? ಮುಗಿಲಾಗಿನ ಚುಕ್ಕಿ!" ಎಂದು ಗಹಗಹಿಸಿದರು. ನಗೆ ನಿಂತ ಮೇಲೂ ಹೆಜ್ಜೆ ನಿಲ್ಲಲಿಲ್ಲ. ಆ ದಿನ ಅವರು ಮಾಳಿಗೆಯ ಮೇಲೆ ಅಡ್ಡಾಡಿದ ರೀತಿಗೆ ತೊಲೆಯ ಮಣ್ಣು ನಮ್ಮ ತಾಟಿನಲ್ಲಿ ಉದುರಿತು.

ತಮ್ಮ ವಿದ್ಯೆಯನ್ನು ಅವರು ನಮಗೆ ತಿಳಿಸಿಕೊಟ್ಟದ್ದು ಒಂದು ಬೀಸುವ ಪದದಿಂದ. ಈಗ ಬೀಸುಕಲ್ಲು ಯಾರ ಮನೆಯಲ್ಲೂ ತಿರುಗುವುದಿಲ್ಲ, ಆದರೆ ಜೋಳ ಹಸನು ಮಾಡುವಾಗ ಬಾಯಿ ಸುಮ್ಮನಿರಬೇಕಲ್ಲ. ಮಾಸುಮಬಿ ಹೊಳೆದಂಡೆಯ ಕೊಣ್ಣೂರಿನ ಮಗಳು. ಅವಳು ಹಾಡಿದ್ದು: "ಹೊಳಿಯಾಚಿ ತವರೂರು, ಹ್ಯಾಂಗ ದಾಟಲಿ ತಾಯಿ". ನಮ್ಮ ತವರು ಲಕ್ಕಲಕಟ್ಟಿ, ಹೊಳೆಯಿಲ್ಲದ ಕರಿಮಣ್ಣಿನ ಎರಿಹೊಲದ ನಾಡು. ನಮ್ಮಲ್ಲಿ ಅದೇ ಪದ "ಹೊಲದಾಚಿ ತವರೂರು, ಹ್ಯಾಂಗ ದಾಟಲಿ ತಾಯಿ" ಎಂದು. ಮಾಸುಮಬಿ ಹಿಡಿದುಕೊಂಡಳು.

"ಹೊಲ ದಾಟಾಕ ಇಷ್ಟ್ಯಾಕ ಅಳಬೇಕಬೇ? ಬದುವಿನ ಮ್ಯಾಲ ಹಾದು ನಡದ್ರ ಆತು!"

ಖರೆ. ಹುಟ್ಟಿದಂದಿನಿಂದ ಹಾಡಿದ ಪದದಲ್ಲಿ ಇಂಥದೊಂದು ತಪ್ಪಿದೆಯೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಂದು ನಮ್ಮಣ್ಣನ ಮಗಳು ಸಿದ್ದವ್ವನೂ ಅಲ್ಲಿದ್ದಳು. ಅವಳನ್ನು ಕೊಟ್ಟದ್ದು ಶಿರೋಳಕ್ಕೆ. ಅವಳು ಹೇಳಿದಳು, ತನ್ನ ಅತ್ತೆ ಹುಟ್ಟಾ ಶಿರೋಳದವಳು, ಆಕೆಯೂ ‘ಹೊಲದಾಚಿ’ ಎಂದೇ ಹಾಡುತ್ತಾಳೆ, ಆ ಓಣಿಯ ಮುದುಕಿಯರೆಲ್ಲ ಹಾಗೆಯೇ ಹಾಡುತ್ತಾರೆ ಎಂದು.

ಚೌಕಟ್ಟಿಗೆ ಆತು ನಿಂತಿದ್ದ ಬಾಯಿಯವರು ಒಮ್ಮೆಲೆ ಪಡಸಾಲೆಯ ನಡುವೆ ಬಂದರು. "ನೋಡ್ರಿ, ನೋಡ್ರಿ! ಶಿರೋಳಕ್ಕ ಕೊಣ್ಣೂರು ಹತ್ತರ, ಲಕ್ಕಲಕಟ್ಟಿ ದೂರ. ಆದ್ರೂ ಅಲ್ಲಿಯವರ ಬಾಯಾಗ ಲಕ್ಕಲಕಟ್ಟಿ ತಪ್ಪು ಅದ. ಹೊಳಿ ಇಲ್ಲದ ಊರಾಗ ಮಾತ್ರ ಹೊಳಿ ಹೊಲ ಆದೀತು. ಅಂದ್ರ ಪದ ಕೊಣ್ಣೂರಿನಿಂದ ನೆಟ್ಟಗ ಶಿರೋಳಕ್ಕ ಹೋಗಿಲ್ಲ. ಲಕ್ಕಲಕಟ್ಟಿ ಸುತ್ತಿ ಹೋಗೇದ. ಸರಿ ಹಾಡಿದವರಿಂದ ಏನೂ ತಿಳಿಯೂದಿಲ್ಲ. ದಾರಿ ತೋರಿಸೂದು ತಪ್ಪು!"

ವೈರಸ್ಸೂ ಅಂಥದೇ ಹಾಡುಗಾರ್ತಿಯಂತೆ. ಮೈ ಹೊಕ್ಕಿದ್ದೇ ತನ್ನನ್ನು ತಾನೇ ಮತ್ತೆ ಮತ್ತೆ ನಕಲು ತೆಗೆಯುತ್ತದೆ, ಅವಸರದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನ ಸಂತಾನಕ್ಕೆಲ್ಲ ಇಳಿಯುತ್ತದೆ. ಎರಡು ಊರಿನ ರಕ್ತದಲ್ಲಿ ಒಂದೇ ತಪ್ಪು ಕಂಡರೆ ಒಂದೇ ಬಳ್ಳಿ. ತಪ್ಪು ಹೆಚ್ಚು ಕೂಡಿದಷ್ಟೂ ಕಾಲ ಹೆಚ್ಚು ಕಳೆದಿದೆ ಎಂದು ತಿಳಿಯಬೇಕು. ಹೀಗೆ ತಪ್ಪುಗಳ ಜಾಡು ಹಿಡಿದೇ ಜಗತ್ತಿನ ಪಂಡಿತರು ಹಿಂದಕ್ಕೆ ಹಿಂದಕ್ಕೆ ನಡೆದು ಆಫ್ರಿಕಾದ ಕ್ಯಾಮರೂನ್ ದೇಶದ ತೆಂಕಣ ಕಾಡಿಗೆ ಮುಟ್ಟಿದ್ದಾರೆ. ನೂರು ವರ್ಷದ ಆಚೆಗೆ ಆ ಕಾಡಿನಲ್ಲಿ ಯಾವನೋ ಬೇಟೆಗಾರ ಚಿಂಪಾಂಜಿಯನ್ನು ಕೊಯ್ಯುವಾಗ ಅದರ ರಕ್ತ ಅವನ ಕೈಯ ಗಾಯಕ್ಕೆ ತಾಗಿರಬೇಕು ಎಂದು ಅವರ ತರ್ಕ. ಅಲ್ಲಿಂದ ಹೊಳೆಯ ಗುಂಟ ಕಿನ್ಶಾಸಾ ಎಂಬ ಪಟ್ಟಣಕ್ಕೆ, ಅಲ್ಲಿಂದ ರೈಲಿನ ಹಳಿಗುಂಟ ಗಣಿಗಳಿಗೆ, ದಕ್ಷಿಣದ ನಾಡುಗಳಿಗೆ. ಕಡೆಗೊಂದು ದಿನ ಸಮುದ್ರ ದಾಟಿ ನಮ್ಮ ದೇಶಕ್ಕೆ. ನಮ್ಮಲ್ಲಿರುವುದು ಬಹಳಷ್ಟು ಆ ದಕ್ಷಿಣ ಆಫ್ರಿಕಾದ ಕಡೆಯ ಬಳ್ಳಿಯೇ ಅಂತೆ. ಇದನ್ನೆಲ್ಲ ಹೇಳುವಾಗ ಬಾಯಿಯವರು ಪಡಸಾಲೆಯಲ್ಲೇ ಆಫ್ರಿಕಾದ ನಕ್ಷೆ ಹಾಕಿದರು: ಬಾಗಿಲು ಕಾಡು, ಕಂಬ ಕಿನ್ಶಾಸಾ, ಜೋಳದ ರಾಶಿ ಸಮುದ್ರ. ಆ ರಾಶಿಯನ್ನು ಹಾರಿ ನಮ್ಮ ಕಡೆ ಬಂದು ನಿಂತರು.

ಮಾಸುಮಬಿ ಸುಮ್ಮನಿರುವವಳಲ್ಲ. "ಹಂಗಾರ ನಮ್ಮ ಪದಾನ ಲಕ್ಕಲಕಟ್ಟಿಗೆ ಒಯ್ದು ಕೆಡಿಸಿದಾಕಿ ಹೆಸರ ಹೇಳ್ರಿ ನೋಡೂಣು."

ಬಾಯಿಯವರ ಮುಖ ಸ್ವಲ್ಪ ಕಂದಿತು. "ಊರು ಹೇಳಬಹುದು, ಮಾಸುಮಬಿ. ಹೆಸರು ಹೇಳಾಕ ಬರೂದಿಲ್ಲ."

ಮೂಲೆಯಲ್ಲಿ ಕೂತಿದ್ದ ಸಿದ್ದವ್ವ ಆ ಮಾತಿಗೆ ತಲೆಯೆತ್ತಿ ನೋಡಿದಳು. ಅವಳು ಅಂದು ಪದ ಹಾಡಲು ಬಂದವಳಾಗಿರಲಿಲ್ಲ.

ಸಿದ್ದವ್ವನ ಗಂಡ ಗುರುಪಾದ ಹಿಂದಿನ ವರ್ಷ ದೊಡ್ಡ ಬೇನೆಯಿಂದ ತೀರಿಕೊಂಡಿದ್ದ. ಊರೂರು ತಿರುಗಿ ಮೆಣಸಿನಕಾಯಿ ಕೊಳ್ಳುತ್ತಿದ್ದವನು. ದವಾಖಾನೆಗೆ ಹೋಗಲು ನಾಚಿ, ಹೋಗುವ ಹೊತ್ತಿಗೆ ಹೊತ್ತು ಮೀರಿತ್ತು. ಸಿದ್ದವ್ವನಿಗೂ ಬೇನೆ ಇತ್ತು, ಆದರೆ ಅವಳು ಗುಳಿಗೆ ತಪ್ಪಿಸುತ್ತಿರಲಿಲ್ಲ, ಗಟ್ಟಿಯಾಗಿದ್ದಳು. ಆ ಗಟ್ಟಿತನವೇ ಅವಳಿಗೆ ಮುಳುವಾಯಿತು. "ಕೊಟ್ಟಾಕಿ ಉಳದಳು, ತಗೊಂಡಾಂವ ಹೋದ" ಎಂದು ಮೈದುನ ಕಳಕೇಶ ಆಡಿದ. ಅತ್ತೆ ಅನ್ನಪೂರ್ಣವ್ವ ಅದನ್ನೇ ಹಿಡಿದಳು. ಓಣಿ ಅದಕ್ಕೆ ತಲೆದೂಗಿತು. ಸಿದ್ದವ್ವನ ತಾಟು ಬೇರೆಯಾಯಿತು, ಅಡುಗೆಮನೆಯ ಹೊಸ್ತಿಲು ನಿಷಿದ್ಧವಾಯಿತು. ಈಗ ಹಿರಿಯರನ್ನು ಕೂಡಿಸಿ, ಮಗಳು ಶೈಲಶ್ರೀಯನ್ನು ಮನೆಯಲ್ಲಿ ಇಟ್ಟುಕೊಂಡು ತಾಯಿಯನ್ನು ಮಾತ್ರ ತವರಿಗೆ ಅಟ್ಟುವ ಹವಣಿಕೆಯಲ್ಲಿದ್ದರು. ಬೇನೆ ತಂದವಳು ಎಂಬ ಹೆಸರು ಹೊತ್ತು ಮಗಳನ್ನು ಬಿಟ್ಟು ಹೋಗುವುದೆಂದರೆ, ಆ ಹೆಸರು ಮಗಳ ಹಣೆಗೂ ಅಂಟಿದಂತೆಯೇ.

ಮಾಸುಮಬಿ ಹೋದ ಮೇಲೆ ಸಿದ್ದವ್ವ ಬಾಯಿಯವರ ಎದುರು ನಿಂತಳು.

"ಬಾಯಾರ, ಅವರು ಇದ್ದಾಗ ಇಬ್ಬರೂ ನಿಮಗ ರಕ್ತ ಕೊಟ್ಟೀವಿ. ನಿಮ್ಮ ಹತ್ತರ ಐತಿ. ಒಂದ ಸಲ ಶಿರೋಳಕ್ಕ ಬಂದು, ನಾ ತಂದಾಕಿ ಅಲ್ಲ ಅಂತ ಹೇಳ್ರಿ. ಸಾಕು."

"ಹೇಳಾಕ ಬರೂದಿಲ್ಲ, ಸಿದ್ದವ್ವಾ."

"ಬರೂದಿಲ್ಲೋ, ಒಲ್ಲಿರೋ?"

ಬಾಯಿಯವರು ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಎರಡೂ."

"ಆತು. ಏನೂ ಹೇಳಬ್ಯಾಡ್ರಿ. ಬಂದು ಸುಮ್ಮನ ನಿಲ್ಲರಿ. ನಿಲ್ಲಾಕರ ಬರ್ತೈತಲ್ಲ ನಿಮಗ?"

ಆ ಕುಟುಕು ನಾಟಿತು. ಮುಂದೆ ಹಿರಿಯರ ಕೂಟದ ದಿನದವರೆಗೆ ಮಾಳಿಗೆಯ ಮೇಲೆ ಹೆಜ್ಜೆಯ ಸಪ್ಪಳ ಅಡಗಲಿಲ್ಲ. ಕಟ್ಟಿಕೊಟ್ಟ ಬುತ್ತಿ ಬಿಚ್ಚದೆ ಹಾಗೆಯೇ ತಿರುಗಿ ಬರುತ್ತಿತ್ತು. ಪುಣೆಗೆ ಫೋನು ಹಚ್ಚಿ ಇಂಗ್ಲಿಷಿನಲ್ಲಿ ಯಾರೊಡನೆಯೋ ವಾದ ಮಾಡುವರು, ಇಟ್ಟ ಮೇಲೆ ತಮ್ಮೊಡನೆ ತಾವೇ ಕನ್ನಡದಲ್ಲಿ ಮುಂದುವರಿಸುವರು.

ಶಿರೋಳದ ಆ ಮನೆ ದೊಡ್ಡದು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಹಿರಿಯರು ಕೂತಿದ್ದರು. ತವರಿನ ಕಡೆಯವರೆಂದು ನಮ್ಮನ್ನೂ ಕೂಡ್ರಿಸಿದರು. ಸಿದ್ದವ್ವ ಕಂಬದ ಕೆಳಗೆ, ಮಗಳು ಶೈಲಶ್ರೀ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿಯ ಬೆನ್ನಿಗೆ. ಬಾಯಿಯವರಿಗೆ ಕುರ್ಚಿ ಬಂತು. ವಾಡಿಕೆಯಂತೆ ಅದರ ಬೆನ್ನು ಹಿಡಿದು ನಿಂತರು.

ಕಳಕೇಶ ಶುರು ಮಾಡಿದ. "ಬಾಯಾರ, ಉದ್ದ ಬ್ಯಾಡ. ನಮ್ಮ ಗುರುಪಾದಂದೋ, ಈಕಿದೋ? ಯಾರದು ಮೂಲ? ಒಂದ ಮಾತಿನಾಗ ಹೇಳಿಬಿಡ್ರಿ."

"ಇವರ ರಕ್ತದಾಗ ಏನದ ಅಂತ ನಾಲ್ಕು ಮಂದಿ ಮುಂದ ಹೇಳೂ ಹಕ್ಕು ನನಗಿಲ್ಲ. ಆದರ ಯಾರ ರಕ್ತಾನ ಇರ್ಲಿ, ಎರಡೂ ಒಂದ ಬಳ್ಳಿಯೋ ಅಲ್ಲೋ ಅನ್ನೂದಷ್ಟ ಹೇಳಬಹುದು. ಬಳ್ಳಿ ಈ ಕಡೆಯಿಂದ ಆ ಕಡೆ ಹಬ್ಬಿತೋ, ಆ ಕಡೆಯಿಂದ ಈ ಕಡೆಯೋ, ನಡುವ ಮೂರನೇದೊಂದು ಗಿಡ ಇತ್ತೋ, ಖಾತ್ರಿ ಹೇಳಾಕ ಬರೂದಿಲ್ಲ."

"ಇಷ್ಟ ಹೇಳಾಕ ಪುಣಾ ಮಟ ಹೋಗಿ ಕಲತ್ರೇನು?" ಎಂದು ಒಬ್ಬ ಹಿರಿಯ ಮೀಸೆಯಲ್ಲಿ ನಕ್ಕ.

"ಮೊದಲ ಹೋದಾಂವ ತಗೊಂಡಾಂವ, ಉಳದಾಕಿ ಕೊಟ್ಟಾಕಿ" ಎಂದ ಕಳಕೇಶ. "ಇದು ಸಣ್ಣ ಹುಡುಗರಿಗೂ ತಿಳೀತೈತಿ."

"ಅದು ಶುದ್ಧ ಸುಳ್ಳು!" ಬಾಯಿಯವರು ಕುರ್ಚಿ ಬಿಟ್ಟು ನಡುವೆ ಬಂದರು. "ಲಗೂ ಹೋಗೂದು, ಉಳಿಯೂದು ಔಷಧದ ಮಾತು. ಈಕಿ ಗುಳಿ‌ಗಿ ನುಂಗಿದ್ಲು, ಉಳದ್ಲು. ಅವರು ತಡಾ ಮಾಡಿದ್ರು. ಇನ್ನ ಒಂದ ತಾಟಿನಾಗ ಉಂಡ್ರ, ಒಲಿ ಮುಟ್ಟಿದ್ರ ಇದು ಯಾರಿಗೂ ಬರೂದಿಲ್ಲ. ತಾಟು ಯಾಕ ಬ್ಯಾರೆ ಇಟ್ಟೀರಿ?"

"ತಾಟಿನ ಮಾತ ಬಿಡ್ರಿ. ಮೂಲ ಹೇಳ್ರಿ."

"ಮೂಲ ಬೇಕ? ತಗೋರಿ. ಇವರಿಬ್ಬರಕಿಂತ ಮೊದಲ ಯಾರಿಗೋ ಇತ್ತು. ಅದಕ್ಕೂ ಮೊದಲ ಇನ್ನೊಬ್ಬರಿಗೆ. ಅದಕ್ಕೂ ಮೊದಲ ಸಮುದ್ರದ ಆಚೆ, ಗಣಿಯಾಗ ದುಡಿಯೂ ಮಂದಿಗೆ. ಅದಕ್ಕೂ ಮೊದಲ ಒಂದ ಕಾಡಿನಾಗ ಒಂದ ಚಿಂಪಾಂಜಿಗೆ. ಯಾರನ್ನ ಮನಿಯಿಂದ ಹೊರಗ ಹಾಕ್ತೀರಿ? ಆ ಮಂಗ್ಯಾನ್ನ?"

ಹಿರಿಯರು ನಕ್ಕರು. ಕಳಕೇಶ ನಗಲಿಲ್ಲ, ಅವನು ಜಾಣ. ನಗೆ ಅಡಗುವವರೆಗೆ ಕಾದು, ಮೆಲ್ಲಗೆ ಕೇಳಿದ: "ಮಂಗ್ಯಾನ ಕತಿ ಆತು. ಈಕಿ ತಂದಾಳ ಅಂತ ನಿಮಗ ಹೇಳಾಕ ಬರೂದಿಲ್ಲ. ಈಕಿ ತಂದಿಲ್ಲ ಅಂತಾನೂ ಹೇಳಾಕ ಬರೂದಿಲ್ಲ. ಹೌದಲ್ಲೋ?"

ಬಾಯಿಯವರು ನಿಂತರು. ಅಡ್ಡಾಡುತ್ತಿದ್ದ ಕಾಲು ನೆಲಕ್ಕೆ ಕಚ್ಚಿದಂತೆ ನಿಂತಿತು. ಸಿದ್ದವ್ವ ಅವರನ್ನೇ ನೋಡುತ್ತಿದ್ದಳು, ಶೈಲಶ್ರೀ ನೋಡುತ್ತಿದ್ದಳು, ನಾವೆಲ್ಲ ನೋಡುತ್ತಿದ್ದೆವು. ಒಂದು ಮಾತು, ಒಂದೇ ಒಂದು ಪುಣ್ಯದ ಸುಳ್ಳು ಸಾಕಿತ್ತು. ಪುಣೆಯ ಡಾಕ್ಟರಬಾಯಿ ಹೇಳಿದರೆ ಆ ಪಡಸಾಲೆಯಲ್ಲಿ ಎದುರಾಡುವವರು ಯಾರಿದ್ದರು?

"ಹೌದು" ಎಂದರು ಬಾಯಿಯವರು.

ಕಳಕೇಶ ಗೋಡೆಗೆ ಒರಗಿದ, ಮುಗಿಯಿತೆಂಬಂತೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಗ ಕಂಬದ ಕೆಳಗಿನಿಂದ ಸಿದ್ದವ್ವ ಎದ್ದಳು. ಸೆರಗು ಹೊದ್ದು ಎದ್ದಳೇ ಹೊರತು, ಧ್ವನಿಗೆ ಸೆರಗಿರಲಿಲ್ಲ.

"ರಕ್ತ ಕಣ್ಣಿಲೆ ನೋಡಿದಾಕಿ, ದೇಶ ದೇಶ ಜಾಡು ಹಿಡದಾಕಿ, ಅಂಥಾಕಿನ ‘ನನಗ ಗೊತ್ತಿಲ್ಲ’ ಅಂತಾಳ. ನೀವು ನೋಡಿದವರಲ್ಲ, ಓದಿದವರಲ್ಲ. ನಿಮಗ ಹ್ಯಾಂಗ ಗೊತ್ತಾತು, ಮೈದುನಾ? ಯಾರ ಹೇಳಿದ್ರು ನಿಮಗ?"

ಆಗ ಮೀಸೆಯಲ್ಲಿ ನಕ್ಕಿದ್ದ ಹಿರಿಯ ಜಮಖಾನೆಯ ದಾರ ಕೀಳತೊಡಗಿದ. ಅಡುಗೆಮನೆಯ ಬಾಗಿಲಲ್ಲಿದ್ದ ಅನ್ನಪೂರ್ಣವ್ವ ಸೆರಗಿಗೆ ಕೈ ಒರೆಸಿಕೊಂಡಳು. ಏನೂ ಆಗಿಲ್ಲವೆಂಬಂತೆ, "ಏ ಸಿದ್ದೀ, ಮಂದಿ ಹಸದಾರ. ಒಲಿ ಹಚ್ಚ ಬಾ" ಎಂದಳು.

ವರ್ಷವೊಂದು ಅಡುಗೆಮನೆಯ ಹೊರಗೆ ಉಂಡವಳು ಓಡಿಹೋಗಿ ಒಲೆ ಹಚ್ಚಬಹುದಿತ್ತು. ಸಿದ್ದವ್ವ ಕದಲಲಿಲ್ಲ.

"ಹಚ್ಚತೀನ್ರಿ ಅತ್ತಿ. ಮೊದಲ ನನ್ನ ಮ್ಯಾಲ ಆಡಿದ ಮಾತ ತಿರುಗಿ ತಗೋರಿ."

"ತಗೊಂಡ್ರ ನನ್ನ ಮಗನ ಹೆಸರು..." ಎಂದಳು ಮುದುಕಿ. ಅವಳ ಒಳಗಿನ ಮುಳ್ಳು ಅದೇ ಇತ್ತೆಂದು ಆಗ ತಿಳಿಯಿತು: ಸೊಸೆಯದಲ್ಲವೆಂದರೆ ಮಣ್ಣಿಗೆ ಹೋದ ಮಗನದೆಂದಾಗುತ್ತದೆ.

ಸಿದ್ದವ್ವ ಒಮ್ಮೆ ಬಾಯಿಯವರ ಕಡೆ ನೋಡಿದಳು. ಆ ನೋಟದಲ್ಲಿ ಪ್ರೀತಿಯಿರಲಿಲ್ಲ. "ನಿಮ್ಮ ಮಗನ ಹೆಸರ ನಾ ತಗೊಂಡೀನೇನ್ರಿ? ಯಾವತ್ತೂ ತಗೊಂಡಿಲ್ಲ, ಇವತ್ತೂ ತಗೊಳ್ಳೂದಿಲ್ಲ. ನನಗೂ ಗೊತ್ತಿಲ್ಲ."

ಅನ್ನಪೂರ್ಣವ್ವ ಸೊಸೆಯ ಕೈ ಹಿಡಿದಳು. "ಗೊತ್ತಿಲ್ಲದ ಮಾತ ಆಡಿದ್ನೆವ್ವಾ. ಒಲ್ಯಾಗ ಹೋಗ್ಲಿ ಅದು" ಎಂದಳು, ಕೂಡಿದವರಿಗೆಲ್ಲ ಕೇಳುವ ಹಾಗೆ. ಕಳಕೇಶ ಟವೆಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಅವನು ಆ ಮಾತನ್ನು ಇಂದಿಗೂ ತಿರುಗಿ ತೆಗೆದುಕೊಂಡಿಲ್ಲ; ಆದರೆ ಶೈಲಶ್ರೀ ತಾಯಿಯ ಹಿಂದೆ ಹೊಸ್ತಿಲು ದಾಟಿ ಕಟ್ಟಿಗೆ ಒಟ್ಟಿದ್ದನ್ನು, ಒಳಗಿನಿಂದ ಹೊಗೆ ಎದ್ದದ್ದನ್ನು ಎಲ್ಲರೂ ನೋಡಿದರು.

ತಿರುಗಿ ಬರುವಾಗ ಇಮಾಮಸಾಬನ ಆಟೋದ ಗಾಲಿ ಪಂಕ್ಚರ್ ಆಗಿ ದಾರಿಯಲ್ಲೇ ನಿಂತಿತು. ಅವನು ಗಾಲಿ ಬಿಚ್ಚುತ್ತಿದ್ದರೆ ಬಾಯಿಯವರು ರಸ್ತೆಯ ಅಂಚಿನಲ್ಲಿ ಜಾಲಿಗಿಡದಿಂದ ಜಾಲಿಗಿಡಕ್ಕೆ ಅಡ್ಡಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಆ ‘ಹೌದು’ ಅನ್ನೂ ಬದಲು ಒಂದ ಸುಳ್ಳ ಹೇಳಿದ್ರ ನಿಮ್ಮ ಗಂಟೇನ ಹೋಗತಿತ್ತ್ರಿ? ಅಕಿ ಎದ್ದು ಮಾತಾಡದಿದ್ರ?"

"ನನಗೂ ಅದ ಹೆದರಿಕಿ ಇತ್ತು ಅಜ್ಜಿ. ಅಕಿ ಏಳ್ತಾಳ ಅಂತ ನನಗೇನ ಗೊತ್ತು?" ಎಂದರು. ಕೋಟಿನ ತೋಳು ಬಿಚ್ಚಿಕೊಂಡಿತ್ತು, ಮಡಚುವುದು ನೆನಪಿರಲಿಲ್ಲ. "ಇವತ್ತು ಸಿದ್ದವ್ವಗ ಅನುಕೂಲ ಆಗೂ ಸುಳ್ಳು ಹೇಳಿದೆ ಅಂತ ತಿಳೀರಿ. ರಕ್ತ ಸಾಕ್ಷಿ ಹೇಳ್ತದ ಅಂತ ಈ ಸೀಮಿ ನಂಬತದ. ನಾಳೆ ಇನ್ನೊಂದ ಮನಿಯವರು ಇನ್ನೊಬ್ಬ ಸಿದ್ದವ್ವನ್ನ ಹಿಡಕೊಂಡು ಬರ್ತಾರ, ‘ಈಕಿದ ಅಂತ ಹೇಳ್ರಿ’ ಅಂತ. ಆಗ ಏನ ಹೇಳ್ಲಿ?"

ಮತ್ತೆ ಒಂದು ಗಿಡದವರೆಗೆ ಹೋಗಿ ಬಂದರು. ಧ್ವನಿ ಇಳಿದಿತ್ತು.

"ರಕ್ತದ ಸಾಕ್ಷಿ ಒಂದ ಕಡೆ ವಾಲ್ತದ ಅಜ್ಜಿ. ಇಲ್ಲ ಅನ್ನೂದಿಲ್ಲ. ಆದರ ವಾಲೂದು ಬ್ಯಾರೆ, ಬೀಳೂದು ಬ್ಯಾರೆ."

ಯಾವ ಕಡೆ ವಾಲುತ್ತದೆಂದು ನಾನು ಕೇಳಲಿಲ್ಲ.

ಇದಾಗಿ ಎರಡು ಹಂಗಾಮು ಕಳೆದವು. ಶಿರೋಳದ ಆ ಮನೆಯಲ್ಲಿ ಈಗ ತಾಟುಗಳೆಲ್ಲ ಒಂದೇ ಕಪಾಟಿನಲ್ಲಿ ಇರುತ್ತವೆ. ಸಿದ್ದವ್ವ ನಮ್ಮ ಮನೆಗೆ ಬರುತ್ತಾಳೆ, ಹರಟುತ್ತಾಳೆ, ನಗುತ್ತಾಳೆ. ಮೆಟ್ಟಿಲ ಮೇಲೆ ಬಾಯಿಯವರ ಸಪ್ಪಳ ಕೇಳಿದರೆ ಮಾತ್ರ ಹಿತ್ತಲಕ್ಕೆ ಎದ್ದುಹೋಗುತ್ತಾಳೆ. "ಅಕಿ ಉಪಕಾರ ಐತಿ ನನ್ನ ಮ್ಯಾಲ, ಇಲ್ಲ ಅನ್ನಾಂಗಿಲ್ಲ. ಆದ್ರ ಆ ಹೌದು ಅಂದದ್ದು ಎದಿಯಾಗ ಹಂಗ ಕುಂತೈತಿ" ಎನ್ನುತ್ತಾಳೆ. ಬಾಯಿಯವರಿಗೆ ಅದು ತಿಳಿಯದ್ದೇನಲ್ಲ. ಸಿದ್ದವ್ವನ ಚಪ್ಪಲಿ ಬಾಗಿಲಲ್ಲಿ ಕಂಡರೆ ತಾವೇ ಇನ್ನೊಂದು ಸುತ್ತು ಓಣಿ ತಿರುಗಿ ಬರುತ್ತಾರೆ.

ತಿಳಿದವರು ಎಲ್ಲ ಊರಲ್ಲೂ ಇರುತ್ತಾರೆ, ಕಟ್ಟೆಗೆ ನಾಲ್ವರಂತೆ. ತೀರ್ಪು ಕೊಟ್ಟು, ತೇಗಿ, ಸುಖವಾಗಿ ನಿದ್ದೆ ಹೋಗುತ್ತಾರೆ. ಏನೂ ತಿಳಿಯದವರಿಗೂ ನಿದ್ದೆಗೆ ಕೊರತೆಯಿಲ್ಲ. ತಿಳಿಯಬಹುದಾದಷ್ಟನ್ನೂ ತಿಳಿದು, ಅದರ ಅಂಚಿಗೆ ಬಂದು, ಇಲ್ಲಿಂದ ಆಚೆ ನನಗೆ ಕಾಣದು ಎನ್ನುವವರು ಮಾತ್ರ ಎಲ್ಲಿಯೋ ಒಬ್ಬರು. ಅವರಿಗೆ ನೆಮ್ಮದಿಯೆಂಬುದು ಹುಟ್ಟಿನಿಂದಲೇ ಬರೆದಿರುವುದಿಲ್ಲ. ಅವರಿಂದ ಬದುಕಿದವರಿಗೂ ಅವರ ಮೇಲೊಂದು ಸಿಟ್ಟು ಉಳಿದೇ ಉಳಿದಿರುತ್ತದೆ, ಏಕೆಂದರೆ ನಾವು ಬೇಡಿದ್ದನ್ನು ಅವರು ಕೊಡುವುದಿಲ್ಲ, ಕೊಟ್ಟದ್ದು ನಾವು ಬೇಡಿದ್ದಲ್ಲ. ಅಂಥವರನ್ನು ನಾವು ಹಬ್ಬಕ್ಕೆ ಕರೆದು ಹೋಳಿಗೆ ಬಡಿಸುತ್ತೇವೆ, ಉಡಿ ತುಂಬಿ ಕಳಿಸುತ್ತೇವೆ. ನಾಲ್ಕು ಮಂದಿ ಕೂತು ಒಬ್ಬಳ ಹಣೆಯ ಬರಹ ಬರೆಯುವ ದಿನ ಮಾತ್ರ ಕರೆಯಲು ಮರೆತುಬಿಡುತ್ತೇವೆ.